ಚಾವಣಿ ಇಳಿಯುವಲ್ಲಿ ಅತ್ತೆಯ ಸೀಟು

ಹಿಂಬದಿಗೆ ಇಳಿಜಾರಾದ ಚಾವಣಿಯ ವಿದ್ಯುತ್ ಕಾರೇ ಬೇಕೆಂದು ನಮ್ಮ ಮನೆಯಲ್ಲಿ ಹಠ ಹಿಡಿದವಳು ನಾನು. ಇಂಜಿನಿಯರಿಂಗ್ ಓದುವ ಮಗನಿದ್ದಾನೆ, ಆಸೆ ಅವನದೇ ಇರಬೇಕು ಎಂದು ಎಲ್ಲರೂ ತಿಳಿದರು. ಮಳಿಗೆಯ ಹುಡುಗನೂ ಹಾಗೆಯೇ ತಿಳಿದು ಬಹಳ ಹೊತ್ತು ಅವನಿಗೇ ಎಲ್ಲವನ್ನೂ ವಿವರಿಸಿದ. ಓಡಿಸಿ ನೋಡುವ ಹೊತ್ತಿಗೆ ಚಾಲನಾ ಪರವಾನಗಿ ಕೇಳಿದಾಗ ನಾನು ನನ್ನದನ್ನು ಚಾಚಿದೆ. ಅಲ್ಲಿಯವರೆಗೆ ‘ಆಂಟಿ’ಯಾಗಿದ್ದವಳು ಆ ಕ್ಷಣದಿಂದ ‘ಮೇಡಂ’ ಆದೆ.

ದಾವಣಗೆರೆಯಲ್ಲಿ ನನ್ನದೊಂದು ತೆರಿಗೆ ಸಲಹಾ ಕಚೇರಿ. ಮೆಕ್ಕೆಜೋಳದ ದಲಾಲರು, ಅಕ್ಕಿ ಗಿರಣಿಯವರು, ಬಟ್ಟೆ ವ್ಯಾಪಾರಿಗಳು ನನ್ನ ಕಕ್ಷಿದಾರರು. ಕೆಲಸದ ಮೇಲೆ ಆಗಾಗ ಚಿತ್ರದುರ್ಗಕ್ಕೆ, ಒಮ್ಮೊಮ್ಮೆ ಬೆಂಗಳೂರಿಗೆ ಹೋಗಬೇಕಾಗುತ್ತದೆ. ಇನ್ನೊಬ್ಬರ ಖರ್ಚು ತಗ್ಗಿಸುವುದರಲ್ಲೇ ಅರ್ಧ ಆಯುಷ್ಯ ಕಳೆದವಳಿಗೆ ಒಮ್ಮೆಯಾದರೂ ಕಣ್ಣಿಗೆ ಹಿಡಿಸಿದ್ದನ್ನು ಕೊಳ್ಳುವ ಬಯಕೆ. ಹಾಗೆಂದು ಲೆಕ್ಕ ಬಿಡುವ ಜಾಯಮಾನವೂ ಅಲ್ಲ. ಯಜಮಾನರಿಗೆ ಎತ್ತರದ, ನೆಟ್ಟಗೆ ನಿಂತ ಎಸ್‌ಯುವಿ ಸಾಕಿತ್ತು. “ಬೆನ್ನು ಬಾಗಿದ ಕಾರಿಗೆ ಹೆಚ್ಚು ದುಡ್ಡು ಯಾಕೆ ಕೊಡಬೇಕು?” ಎಂದು ಅವರು ಕೇಳುತ್ತಲೇ ಇದ್ದರು.

ಈ ಆಕಾರಕ್ಕೆ ಈಗ ನಮ್ಮ ದೇಶದಲ್ಲೇ ಆಯ್ಕೆಗಳಿವೆ. 2024ರ ಆಗಸ್ಟ್‌ನಲ್ಲಿ ಟಾಟಾದ ಕರ್ವ್ ವಿದ್ಯುತ್ ಕಾರು ಬಂತು. ಬ್ಯಾಟರಿ 45 ಅಥವಾ 55 ಯೂನಿಟ್ ವಿದ್ಯುತ್ ಹಿಡಿಯುವಂಥದು, ಆಗಿನ ಆರಂಭದ ಬೆಲೆ 17.49 ಲಕ್ಷ ರೂಪಾಯಿ. ಅದೇ ವರ್ಷದ ನವೆಂಬರ್‌ನಲ್ಲಿ ಮಹೀಂದ್ರಾ ಎರಡು ಕಾರುಗಳನ್ನು ಒಟ್ಟಿಗೆ ತೋರಿಸಿತು. ಒಂದು ಆಗ 18.90 ಲಕ್ಷದಿಂದ ಶುರುವಾಗುತ್ತಿದ್ದ ಬಿಇ 6, ಇನ್ನೊಂದು 21.90 ಲಕ್ಷದಿಂದ ಶುರುವಾಗುತ್ತಿದ್ದ ಉದ್ದನೆಯ ಎಕ್ಸ್‌ಇವಿ 9ಇ. ಆಗ ಎರಡಕ್ಕೂ 59 ಅಥವಾ 79 ಯೂನಿಟ್‌ನ ಬ್ಯಾಟರಿ. ಬಿಇ 6 ಹುಟ್ಟಿದಾಗ ಅದರ ಹೆಸರು ಬಿಇ 6ಇ. ಇಂಡಿಗೊ ವಿಮಾನ ಸಂಸ್ಥೆ ತನ್ನ ‘6ಇ’ ಗುರುತಿನ ವಿಚಾರವಾಗಿ ನ್ಯಾಯಾಲಯಕ್ಕೆ ಹೋಗಿದ್ದರಿಂದ ಕೊನೆಯ ಅಕ್ಷರ ಉದುರಿತು. ಕಾರಿಗೆ ನಾಮಕರಣವಾದ ಕೆಲವೇ ದಿನಗಳಲ್ಲಿ ನೋಟಿಸು ಬರುವುದು ನನ್ನಂಥವರಿಗೆ ಒಂದು ಬಗೆಯ ಮನರಂಜನೆ.

ಬೆಲೆಯ ಪಟ್ಟಿಯಲ್ಲಿ ನಾನು ಮೊದಲು ಕೆಂಪು ಗೆರೆ ಎಳೆದದ್ದು 25 ಲಕ್ಷದ ಕೆಳಗೆ. ಕರ್ನಾಟಕದಲ್ಲಿ ವಿದ್ಯುತ್ ಕಾರುಗಳಿಗೆ ಇದ್ದ ರಸ್ತೆ ತೆರಿಗೆ ವಿನಾಯಿತಿಯನ್ನು 2024ರಲ್ಲಿ ಮೊಟಕುಗೊಳಿಸಿ, 25 ಲಕ್ಷ ಮೀರಿದವುಗಳಿಗೆ ಶೇ 10ರಷ್ಟು ಆಜೀವ ತೆರಿಗೆ ಹಾಕಿದರು. 26 ಲಕ್ಷದ ಕಾರೆಂದರೆ ತೆರಿಗೆಗೇ 2.6 ಲಕ್ಷ. ಒಂದು ಲಕ್ಷದ ಆಸೆಗೆ ಎರಡೂವರೆ ಲಕ್ಷಕ್ಕೂ ಹೆಚ್ಚು ತೆರುವ ಕಕ್ಷಿದಾರನನ್ನು ನಾನು ಕಚೇರಿಯಲ್ಲಿ ಕೂರಿಸಿ ಬೈಯುತ್ತೇನೆ.

ನಾವು ಹೊರಟದ್ದು 2025ರ ಆಷಾಢದ ಒಂದು ಶನಿವಾರ. ಆಷಾಢದಲ್ಲಿ ವಾಹನ ಕೊಳ್ಳುವವರು ಕಡಿಮೆ. ಮಳಿಗೆಗಳು ಬಿಕೋ ಎನ್ನುತ್ತಿರುತ್ತವೆ, ಹುಡುಗರಿಗೆ ಪುರುಸೊತ್ತು ಇರುತ್ತದೆ, ಕಾರನ್ನು ಊರೊಳಗೆ ಒಂದು ಸುತ್ತು ಹಾಕಿಸಿ ಕೀಲಿ ಕಿತ್ತುಕೊಳ್ಳುವ ಅವಸರ ಇರುವುದಿಲ್ಲ. “ನೋಡುವುದಕ್ಕೆ ಆಷಾಢ ಅಡ್ಡಿಯಿಲ್ಲ, ದುಡ್ಡು ಕೊಡುವುದಕ್ಕೆ ಶ್ರಾವಣ ಬರಲಿ” ಎಂದು ಅತ್ತೆ ಷರತ್ತು ಹಾಕಿದರು. ಅವರನ್ನೂ ಕರೆದುಕೊಂಡೇ ಹೋದೆವು. ನಮ್ಮ ಮನೆಯ ಕಾರಿನಲ್ಲಿ ಹಿಂದಿನ ಎಡಗಡೆಯ ಸೀಟು ಅವರದು. ಮಂಡಿ ನೋವು, ಪ್ರಯಾಣದಲ್ಲಿ ಹೊಟ್ಟೆ ತೊಳಸುವುದು, ಇವೆರಡೂ ಅವರ ಜೊತೆಗೇ ಬರುತ್ತವೆ.

ಮೊದಲ ಮಳಿಗೆಯಲ್ಲಿ ಕಾರು ಹೊರಗಿನಿಂದ ನೋಡಲು ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಮುಂದಿನ ಸೀಟಿನಲ್ಲಿ ಕೂತಾಗ ಇನ್ನೂ ಚೆನ್ನಾಗಿತ್ತು. ನಾನು ಸ್ಟಿಯರಿಂಗ್ ಹಿಡಿದು ಖುಷಿಯಲ್ಲಿದ್ದಾಗ ಹಿಂದೆ ಅತ್ತೆ ಹತ್ತುತ್ತಿದ್ದರು. ಒಂದು ಕೈಯಲ್ಲಿ ಬಾಗಿಲು, ಇನ್ನೊಂದರಲ್ಲಿ ಸೀರೆಯ ನೆರಿಗೆ. ಬಲಗಾಲು ಒಳಗಿಟ್ಟು ತಲೆ ಬಾಗಿಸಿದರು. ಚಾವಣಿ ಆ ಜಾಗದಲ್ಲಿ ಆಗಲೇ ಇಳಿಯಲು ಶುರುವಾಗಿರುವುದರಿಂದ ಅವರು ಬಾಗಿಸಿದ್ದು ಸಾಲಲಿಲ್ಲ. ತುರುಬು ಮೇಲಿನ ಪಟ್ಟಿಗೆ ಒರಸಿ ಹೂವು ಜಾರಿತು. ಕೂತ ಮೇಲೆ ತಲೆಯ ಮೇಲೆ ಮೂರು ಬೆರಳಿನಷ್ಟು ಜಾಗ ಉಳಿಯಿತು, ಆದರೆ ತೊಡೆ ಸೀಟಿಗೆ ತಾಗದೆ ಮಂಡಿ ಮೇಲೆದ್ದಿತು. “ಕುಕ್ಕರಗಾಲಿನಲ್ಲಿ ಕೂತ ಹಾಗಿದೆಯಲ್ಲ” ಎಂದರು.

ಅದಕ್ಕೆ ಕಾರಣವಿದೆ. ವಿದ್ಯುತ್ ಕಾರಿನ ಬ್ಯಾಟರಿ ನೆಲದಡಿಯಲ್ಲಿ ಹಾಸಿಕೊಂಡಿರುತ್ತದೆ. ಭಾರ ತಳದಲ್ಲಿರುವುದರಿಂದ ತಿರುವಿನಲ್ಲಿ ಕಾರು ಹೆಚ್ಚು ವಾಲುವುದಿಲ್ಲ. ಓಡಿಸುವವರಿಗೆ ಅದು ವರ. ಆದರೆ ಪಾದ ಇಡುವ ನೆಲವೂ ಅಷ್ಟು ಮೇಲೇಳುತ್ತದೆ. ನೆಟ್ಟಗಿನ ಕಾರಿನಲ್ಲಾದರೆ ಸೀಟನ್ನೂ ಅಷ್ಟೇ ಎತ್ತರಿಸಿ ಸರಿದೂಗಿಸಬಹುದು. ಚಾವಣಿ ಇಳಿಯುವ ಕಾರಿನಲ್ಲಿ ಸೀಟು ಎತ್ತರಿಸಿದರೆ ತಲೆ ತಾಗುತ್ತದೆ, ಎತ್ತರಿಸದಿದ್ದರೆ ಮಂಡಿ ಏಳುತ್ತದೆ. ಅಂದರೆ ಈ ಚೆಲುವಿನ ಬಾಡಿಗೆಯನ್ನು ಕೆಳಗಿನಿಂದಲೂ ಮೇಲಿನಿಂದಲೂ ಹಿಂದೆ ಕೂತವರೇ ಕಟ್ಟುತ್ತಾರೆ. ಪರಿಚಯ ಪುಸ್ತಿಕೆಯಲ್ಲಿ ಬ್ಯಾಟರಿ, ವೇಗ, ಪರದೆಯ ಅಗಲ ಎಲ್ಲ ಇರುತ್ತವೆ. ಹಿಂದಿನ ಸೀಟಿನ ಎತ್ತರಕ್ಕೂ ನೆಲಕ್ಕೂ ನಡುವೆ ಎಷ್ಟು ಅಂತರ ಎಂಬ ಒಂದು ಅಂಕಿ ಮಾತ್ರ ನಾನು ನೋಡಿದ ಯಾವುದರಲ್ಲೂ ಇರಲಿಲ್ಲ. ಮಗ ತನ್ನ ಗೇಣಿನಿಂದಲೇ ಅಳೆದ.

ಡಿಕ್ಕಿಯ ವಿಷಯವೂ ಹೀಗೆಯೇ. ಕರ್ವ್‌ನಲ್ಲಿ 500 ಲೀಟರ್, ಬಿಇ 6ರಲ್ಲಿ 455 ಲೀಟರ್ ಎಂದು ಪುಸ್ತಿಕೆ ಹೇಳುತ್ತದೆ, ಕಡಿಮೆಯೇನಲ್ಲ. ಆದರೆ ಬೆಂಗಳೂರಿನ ನಾದಿನಿಯ ಮನೆಗೆ ನಾವು ಪ್ರತಿ ಸಲವೂ ಒಯ್ಯುವುದು ಮಂಡಕ್ಕಿ ಚೀಲ. ಭಾರವಿಲ್ಲ, ಬರೀ ಎತ್ತರ. ಇಳಿಜಾರು ಗಾಜಿನ ಕೆಳಗೆ ಅದು ನಿಲ್ಲುವುದಿಲ್ಲ, ಮಲಗಿಸಬೇಕು. ಮಲಗಿಸಿದರೆ ಇನ್ನೇನೂ ಹಿಡಿಸುವುದಿಲ್ಲ.

ಇಷ್ಟಾದ ಮೇಲೂ ಇಳಿಜಾರು ಚಾವಣಿಯ ಪರವಾಗಿ ಹೇಳಬೇಕಾದದ್ದು ಬಹಳ ಇದೆ, ಅದು ನನಗೆ ಗೊತ್ತಾದದ್ದು ಎರಡನೆಯ ಮಳಿಗೆಯ ಕಾರನ್ನು ಹೆದ್ದಾರಿಗೆ ಒಯ್ದಾಗ. ಹುಡುಗ ಉದಾರಿ, ಭರಮಸಾಗರದವರೆಗೆ ಹೋಗಿ ಬರೋಣ ಎಂದ. ರಾಷ್ಟ್ರೀಯ ಹೆದ್ದಾರಿ 48ಕ್ಕೆ ಏರಿ ಆನಗೋಡು ದಾಟಿ ಹೆಬ್ಬಾಳು ಟೋಲ್ ಹಿಂದಿಟ್ಟೆವು. ಗಂಟೆಗೆ 80ರಿಂದ 100 ಕಿ.ಮೀ. ಮುಟ್ಟುವುದಕ್ಕೆ ಉಸಿರು ಎಳೆದುಕೊಳ್ಳುವಷ್ಟು ಹೊತ್ತೂ ಬೇಕಾಗಲಿಲ್ಲ. ಗೇರ್ ಇಲ್ಲ, ಗುಡುಗಿಲ್ಲ. ಕಾಲು ಒತ್ತಿದ ಕೂಡಲೇ ಮೋಟಾರಿನ ಪೂರ್ತಿ ತಿರುಚುಬಲ ಚಕ್ರಕ್ಕೆ ಸಿಗುತ್ತದೆ. ಡೀಸೆಲ್ ಲಾರಿಯೊಂದರ ಹಿಂದೆ ತೆವಳಿ, ಮೂರನೇ ಗೇರಿಗೆ ಇಳಿಸಿ, ದೇವರ ಮೇಲೆ ಭಾರ ಹಾಕಿ ಮುನ್ನುಗ್ಗುವ ಅಭ್ಯಾಸವಿದ್ದ ನನಗೆ ಇದು ಬೇರೆಯೇ ಲೋಕ.

ಹೋಗುವಾಗ ಪರದೆಯಲ್ಲಿ 100 ಕಿ.ಮೀ.ಗೆ 14 ಯೂನಿಟ್ ಆಸುಪಾಸು ತೋರಿಸುತ್ತಿತ್ತು. ತಿರುಗಿ ಬರುವಾಗ ಅದೇ ವೇಗ, ಅದೇ ರಸ್ತೆ, ಅಂಕಿ 18ಕ್ಕೆ ಏರಿತು. ಹುಡುಗ ಎ.ಸಿ.ಯನ್ನು ದೂರಿದ. ಮಗ ಕಿಟಕಿಯಾಚೆ ರಸ್ತೆಬದಿಯ ಮರಗಳನ್ನು ತೋರಿಸಿದ. ಎಲ್ಲವೂ ನಮ್ಮ ಕಡೆಗೇ ಬಾಗಿದ್ದವು. ಆಷಾಢದ ಪಡುವಣ ಗಾಳಿ ಹೋಗುವಾಗ ಬೆನ್ನಿಗಿತ್ತು, ದಾವಣಗೆರೆಯ ಕಡೆಗೆ ಬರುವಾಗ ಎದೆಗೆ ಬಂತು. ಚಿತ್ರದುರ್ಗದ ಗುಡ್ಡಗಳ ಸಾಲಿನ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಸುಮ್ಮನೆ ಅಲ್ಲವಲ್ಲ. ಅಲ್ಲಿ ವಿದ್ಯುತ್ ಕೊಡುವ ಗಾಳಿಯೇ ಇಲ್ಲಿ ನಮ್ಮ ಬ್ಯಾಟರಿಯಿಂದ ವಾಪಸು ತೆಗೆದುಕೊಳ್ಳುತ್ತಿತ್ತು.

ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 80ರಿಂದ 100ಕ್ಕೆ ಹೋದರೆ ವೇಗ ಕಾಲುಭಾಗ ಹೆಚ್ಚಿದಂತೆ ಕಂಡರೂ ತಡೆ ಶೇ 56ರಷ್ಟು ಹೆಚ್ಚುತ್ತದೆ. 100ರಲ್ಲಿ ಓಡುವಾಗ ಎದುರಿನಿಂದ 30 ಕಿ.ಮೀ. ವೇಗದ ಗಾಳಿ ಬಂದರೆ ಕಾರಿಗೆ ಅದು 130ರ ಗಾಳಿ. ತಡೆ ಶೇ 69ರಷ್ಟು ಏರುತ್ತದೆ. ನೆಟ್ಟಗೆ ಕತ್ತರಿಸಿದ ಬೆನ್ನಿನ ಕಾರಿನ ಹಿಂದೆ ಗಾಳಿ ಸುಳಿಸುತ್ತಿ ಒತ್ತಡ ಕಡಿಮೆಯಾಗುತ್ತದೆ, ಆ ಖಾಲಿ ಜಾಗ ಕಾರನ್ನು ಹಿಂದಕ್ಕೆ ಎಳೆಯುತ್ತದೆ. ಚಾವಣಿ ಮೆಲ್ಲಗೆ ಇಳಿದರೆ ಗಾಳಿ ಅದಕ್ಕೆ ಅಂಟಿಕೊಂಡು ಸರಿದುಹೋಗಿ ಎಳೆತ ಕುಗ್ಗುತ್ತದೆ. ಡೀಸೆಲ್ ಕಾರಿನಲ್ಲಿ ಇಂಧನದ ಹೆಚ್ಚಿನ ಪಾಲು ಶಾಖವಾಗಿಯೇ ಹೋಗುವುದರಿಂದ ಗಾಳಿಯ ಲೆಕ್ಕವನ್ನು ಯಾರೂ ಗಮನಿಸುವುದಿಲ್ಲ. ಸೋರಿಕೆ ಕಡಿಮೆಯಿರುವ ವಿದ್ಯುತ್ ಕಾರಿನಲ್ಲಿ ಗಾಳಿಯೇ ದೊಡ್ಡ ಖರ್ಚಾಗಿ ಎದ್ದು ಕಾಣುತ್ತದೆ. ಯಜಮಾನರ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದು ಕನ್ನಡಿಯಲ್ಲಿ ಅವರ ಮುಖ ನೋಡಿದೆ. ಅವರು ನಿದ್ದೆ ಮಾಡುತ್ತಿದ್ದರು.

ಹುಡುಗ ಹೇಳಿದ ‘ಒಂದು ಸಲ ಚಾರ್ಜ್ ಮಾಡಿದರೆ ಇಷ್ಟು’ ಎಂಬ ಮಾತಿಗೂ ಅಲ್ಲೇ ಲೆಕ್ಕ ಹಾಕಿದೆವು. ಬಿಇ 6ರ 79 ಯೂನಿಟ್ ಬ್ಯಾಟರಿಗೆ ಪ್ರಮಾಣಿತ ಪರೀಕ್ಷೆಯಲ್ಲಿ 682 ಕಿ.ಮೀ. ಎಂದಿದ್ದಾರೆ. ನಮ್ಮ ಎದುರುಗಾಳಿಯ 18ರ ಲೆಕ್ಕ ಹಿಡಿದರೆ ಅಷ್ಟೇ ಬ್ಯಾಟರಿ 440 ಕಿ.ಮೀ.ಗೆ ಮುಗಿಯುತ್ತದೆ, 55 ಯೂನಿಟ್‌ನದು 305ಕ್ಕೆ. ಬೆಂಗಳೂರು ನಮಗೆ ಸುಮಾರು 260 ಕಿ.ಮೀ. ಹೋಗುವಾಗ ನೆಲವೂ ಮುನ್ನೂರು ಮೀಟರ್‌ನಷ್ಟು ಏರುತ್ತದೆ, ಆದರೆ ಎರಡು ಟನ್ ಕಾರನ್ನು ಅಷ್ಟು ಎತ್ತಲು ಎರಡು ಯೂನಿಟ್ ಕೂಡ ಬೇಡ. ಏರಿಗಿಂತ ಗಾಳಿಗೇ ಹೆದರಬೇಕು. ವೇಗದ ಚಾರ್ಜಿಂಗ್‌ನಲ್ಲೂ ಹೇಳುವುದು ಬೇರೆ, ಸಿಗುವುದು ಬೇರೆ: ಬಿಇ 6 ಗರಿಷ್ಠ 175 ಕಿಲೋವಾಟ್ ತೆಗೆದುಕೊಳ್ಳಬಲ್ಲದು, ಕರ್ವ್ 70. ಹೆದ್ದಾರಿ ಬದಿಯ ಯಂತ್ರವೇ 60ರದ್ದಾದರೆ ಎರಡಕ್ಕೂ ಸಿಗುವುದು 60 ಮಾತ್ರ.

ಹಿಂದೆ ಅತ್ತೆ ಮಾತಾಡುತ್ತಿರಲಿಲ್ಲ. ಅವರು ಪ್ರಯಾಣಕ್ಕೆ ಹೊರಟರೆ ಕೈಯಲ್ಲೊಂದು ನಿಂಬೆಹಣ್ಣು ಇರುತ್ತದೆ. ಮೊದಲು ಬರೀ ಹಿಡಿದುಕೊಂಡಿರುತ್ತಾರೆ. ಹೊಟ್ಟೆ ತೊಳಸತೊಡಗಿದರೆ ಉಗುರಿನಿಂದ ಸಿಪ್ಪೆ ಗೀರುತ್ತಾರೆ. ಇನ್ನೂ ಹೆಚ್ಚಾದರೆ ಮೂಗಿಗೆ ಹಿಡಿಯುತ್ತಾರೆ. ಕನ್ನಡಿಯಲ್ಲಿ ನೋಡಿದಾಗ ಹಣ್ಣು ಮೂಗಿನ ಬಳಿ ಇತ್ತು.

“ಅತ್ತೆ, ನಿಲ್ಲಿಸಲೇ?”

“ನಿಲ್ಲಿಸುವುದೇನೂ ಬೇಡ. ನೀನು ಕಾಲು ತೆಗೆದಾಗೆಲ್ಲ ಯಾರೋ ಕುತ್ತಿಗೆ ಹಿಡಿದು ಮುಂದಕ್ಕೆ ದಬ್ಬುತ್ತಾರೆ, ಅದನ್ನು ನಿಲ್ಲಿಸು.”

ಆಕ್ಸಿಲರೇಟರಿನಿಂದ ಕಾಲೆತ್ತಿದ ಕೂಡಲೇ ಮೋಟಾರು ಜನರೇಟರಿನಂತೆ ದುಡಿದು ಬ್ಯಾಟರಿಗೆ ವಿದ್ಯುತ್ ಮರಳಿಸುತ್ತದೆ, ಕಾರು ತಾನಾಗಿ ನಿಧಾನಿಸುತ್ತದೆ. ನನಗೆ ಅದು ಬಹಳ ಇಷ್ಟವಾಗಿ, ಹುಡುಗನಿಗೆ ಹೇಳಿ ಅತಿ ಹೆಚ್ಚಿನ ಮಟ್ಟಕ್ಕೇ ಇಡಿಸಿದ್ದೆ. ಕೆಳಗಿನ ಮಟ್ಟಕ್ಕೆ ಇಳಿಸಿದೆವು. ಆನಗೋಡು ಬರುವಷ್ಟರಲ್ಲಿ ನಿಂಬೆಹಣ್ಣು ಮಡಿಲಿಗೆ ಇಳಿಯಿತು. ಕಾರು ಪರೀಕ್ಷಿಸಲು ಇದಕ್ಕಿಂತ ಸೂಕ್ಷ್ಮವಾದ ಸಲಕರಣೆ ನನಗೆ ಗೊತ್ತಿಲ್ಲ. ಹಿಂದಿನ ಕಿಟಕಿ ಸಣ್ಣದಾಗಿ, ಅಂಚು ಮೇಲೇರಿದ್ದಷ್ಟೂ ಹೊರಗಿನ ದಾರಿ ಕಾಣದೆ ತೊಳಸುವುದು ಹೆಚ್ಚು ಎಂಬುದನ್ನೂ ಅವರೇ ಹೇಳಿದ್ದು. ವಿನ್ಯಾಸಕರು ಆ ಅಂಚನ್ನು ಚಾವಣಿಯ ಇಳಿಜಾರಿಗೆ ಹೊಂದಲಿ ಎಂದು ಮೇಲೇರಿಸುತ್ತಾರೆ. ಚಿತ್ರದಲ್ಲಿ ಅದೇ ಬಹಳ ಸೊಗಸು.

ಸಂಜೆ ಮನೆಯಲ್ಲಿ ತೀರ್ಮಾನಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಇಳಿಜಾರು ಚಾವಣಿಯದೇ, ಎರಡನೆಯ ಮಳಿಗೆಯದೇ. ಅದರಲ್ಲಿ ಹಿಂದಿನ ಸೀಟಿನ ಬಾಗಿಲು ಅಗಲಕ್ಕೆ ತೆರೆಯುತ್ತದೆ, ಅತ್ತೆಯ ತುರುಬು ತಾಗಲಿಲ್ಲ, ತೊಡೆ ಪೂರ್ತಿ ಅಲ್ಲದಿದ್ದರೂ ಮುಕ್ಕಾಲು ಪಾಲು ಸೀಟಿನ ಮೇಲೆ ನಿಂತಿತು. ಯಾವ ಕಾರೆಂದು ಹೆಸರು ಬರೆಯುವುದಿಲ್ಲ. ನಿಮ್ಮ ಮನೆಯ ಅತ್ತೆಯ ಎತ್ತರ ಬೇರೆ ಇರುತ್ತದೆ, ನನ್ನ ಮಾತು ನಂಬಿ ಕೊಂಡು ಆಮೇಲೆ ನನಗೆ ಶಾಪ ಹಾಕುವುದು ಬೇಡ.

ಉಳಿದದ್ದು ಮನೆಯ ಚಾರ್ಜರ್. 7.2 ಕಿಲೋವಾಟ್‌ನದು ಹಾಕಬೇಕೆಂದರೆ ಮನೆಯ ಮಂಜೂರಾದ ಲೋಡ್ ಸಾಲದು, ಬೆಸ್ಕಾಂಗೆ ಅರ್ಜಿ ಹಾಕಬೇಕು, ಅರ್ಥಿಂಗ್ ಹೊಸದಾಗಿ ತೆಗೆಯಬೇಕು ಎಂದು ಎಲೆಕ್ಟ್ರಿಷಿಯನ್ ಪಟ್ಟಿ ಮಾಡುತ್ತಿದ್ದ. ಅತ್ತೆ ಒಳಗಿನಿಂದ ಬಂದರು. ಮನೆಯ ಮೀಟರು ಅವರ ಹೆಸರಿನಲ್ಲಿದೆ, ಗೃಹಜ್ಯೋತಿಯ ಸೊನ್ನೆ ಬಿಲ್ಲು ಪ್ರತಿ ತಿಂಗಳೂ ಅವರ ಕೈಗೇ ಬರುತ್ತದೆ, ಅದನ್ನು ಅವರು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ನನ್ನ ಓಡಾಟಕ್ಕೆ ಕಾರೊಂದೇ ತಿಂಗಳಿಗೆ 180 ಯೂನಿಟ್ ಕುಡಿಯುತ್ತದೆ.

“ನಿನ್ನ ಕಾರಿಗೆ ಬೇರೆ ಮೀಟರು ಹಾಕಿಸಿಕೋ. ಅದರ ಬಿಲ್ಲು ನಿನ್ನ ಹೆಸರಿಗೆ ಬರಲಿ” ಎಂದರು ಅತ್ತೆ.

ಎಲೆಕ್ಟ್ರಿಷಿಯನ್ ನನ್ನ ಮುಖ ನೋಡಿದ. ಬರೆದುಕೊಳ್ಳಪ್ಪ ಎಂದೆ.