ಅಕ್ಕನ ಹಾರ್ಡ್ ಡಿಸ್ಕ್‌ನಿಂದ ಡೇಟಾ ತೆಗೆಯೋ ಕೆಲಸ: ಇಲ್ಲಿವರೆಗಿನ ಕಥೆ

ಶನಿವಾರ

ಡ್ರೈವ್ ಅಕ್ಕನದು. 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಒಳಗೆ ಎನ್‌ಟಿಎಫ್‌ಎಸ್ (ವಿಂಡೋಸ್ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿ, ಅಂದರೆ ಫೈಲ್ ಸಿಸ್ಟಮ್), ಅರ್ಧಕ್ಕಿಂತ ಜಾಸ್ತಿ ತುಂಬಿದೆ. ಬಹುಪಾಲು ಫೋಟೋ, ವಿಡಿಯೋ. ವಿಂಡೋಸ್‌ಗೆ ಹಾಕಿದರೆ ಡ್ರೈವ್ ಕಾಣಿಸುತ್ತದೆ, ಆದರೆ ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಿ ಅನ್ನುತ್ತದೆ. ಅಕ್ಕ ಅದಕ್ಕೆ ಹೂಂ ಅನ್ನದೆ ನನಗೆ ಫೋನ್ ಮಾಡಿದಳು, ಪುಣ್ಯ. ‘ಇನ್ನೊಂದ್ಸಲ ಹಾಕಿ ನೋಡ್ಲಾ?’ ಅಂದಳು. ‘ಬೇಡ ಅಕ್ಕ, ಹಾಗೇ ತೆಗೆದಿಡು, ನಾನು ಬರ್ತೀನಿ’ ಅಂದೆ.

ಮೊದಲು ಕಿವಿಗೊಟ್ಟು ಕೇಳಿದೆ. ಟಕ್ ಟಕ್ ಸದ್ದಿಲ್ಲ, ಸಲೀಸಾಗಿ ತಿರುಗುತ್ತಿದೆ. ಸದ್ದು ಬಂದಿದ್ದರೆ ಇಲ್ಲಿಗೇ ಕೈಬಿಡುತ್ತಿದ್ದೆ. ಡೇಟಾ ಓದುವ ಹೆಡ್ ಒಳಗಿನ ತಿರುಗುವ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ. ಅದೇ ಹಾಳಾಗಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ತಟ್ಟೆ ಕೆರೆಯುವ ಅಪಾಯ. ಅಂಥ ಡ್ರೈವ್‌ಗೆ ಧೂಳಿಲ್ಲದ ಕೋಣೆ, ಬದಲಿ ಹೆಡ್, ಅದನ್ನು ಕೂರಿಸಬಲ್ಲ ಕೈ ಬೇಕು. ಫ್ರೀಜರ್‌ನಲ್ಲಿಟ್ಟರೆ ಸರಿಹೋಗುತ್ತೆ ಅಂತ ಈಗಲೂ ಹೇಳುವವರಿದ್ದಾರೆ. ತಣ್ಣಗಾದ ತಟ್ಟೆ ಮೇಲೆ ತೇವ ಕಟ್ಟಿಕೊಂಡರೆ ಇರೋದೂ ಹೋಗುತ್ತೆ, ಅಷ್ಟೇ.

ಲಿನಕ್ಸ್ ಮೆಷಿನ್‌ಗೆ ಹಾಕಿ ಸ್ಮಾರ್ಟ್ ವರದಿ, ಅಂದರೆ ಡ್ರೈವ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ, ತೆಗೆದೆ. ಅಲ್ಲಿ ಬರುವ ಉದ್ದ ಪಟ್ಟಿಯಲ್ಲಿ ನಾನು ನೋಡೋದು ನಾಲ್ಕೇ ಸಾಲು. 5ನೇದು, ಅಂದರೆ ಡ್ರೈವ್ ತಾನೇ ಬದಲಿ ಜಾಗ ಕೊಟ್ಟ ಸೆಕ್ಟರ್‌ಗಳು (ಡಿಸ್ಕ್‌ನ ಅತಿ ಸಣ್ಣ ತುಂಡುಗಳು): 48. 197ನೇದು, ಓದಲಾಗದೆ ಬಾಕಿ ಉಳಿದವು: 2,312. 198ನೇದೂ ಅದರ ಆಸುಪಾಸಿನಲ್ಲೇ ಇದೆ. 199ನೇದು ಕೇಬಲ್ ದೋಷ ಹೇಳುವಂಥದ್ದು, ಅದು ಸೊನ್ನೆ. ಅಲ್ಲಿಗೆ ಕೇಬಲ್ ಬದಲಾಯಿಸಿ ಪಾರಾಗುವ ಆಸೆ ಮುಗಿಯಿತು. ತಟ್ಟೆಯೇ ಅಲ್ಲಲ್ಲಿ ಸವೆದಿದೆ.

ವಿಂಡೋಸ್‌ನ ಡಿಸ್ಕ್ ರಿಪೇರಿ ಟೂಲ್ ಚೆಕ್‌ಡಿಸ್ಕ್ ಓಡಿಸುವ ಮಾತೇ ಇಲ್ಲ. ಅದು ಫೈಲ್ ಸಿಸ್ಟಮ್ ಅನ್ನು ಸರಿ ಮಾಡುತ್ತದೆ, ಫೈಲ್‌ಗಳನ್ನು ಉಳಿಸುವುದು ಅದರ ಕೆಲಸ ಅಲ್ಲ. ಜೊತೆಗೆ ಸಾಯುತ್ತಿರೋ ಡ್ರೈವ್ ಮೇಲೇ ಬರೆಯುತ್ತದೆ. ಮೊದಲು ಇಡೀ ಡಿಸ್ಕ್‌ನ ಇಮೇಜ್ (ಬೈಟ್ ಬೈಟಾಗಿ ತೆಗೆದ ನಕಲು), ಉಳಿದದ್ದೆಲ್ಲ ಆ ಇಮೇಜ್ ಮೇಲೆ.

ಶನಿವಾರ ರಾತ್ರಿ, ಭಾನುವಾರ

ಇಮೇಜ್ ತೆಗೆಯಲು ಗ್ನೂ ಡಿಡಿರೆಸ್ಕ್ಯೂ. ಡಿಸ್ಕ್ ನಕಲು ಮಾಡುವ ಮಾಮೂಲಿ ಟೂಲ್ ಡಿಡಿ ತಲೆಯಿಂದ ಬಾಲದವರೆಗೆ ಒಂದೇ ಸಮನೆ ಓದುತ್ತಾ ಹೋಗುತ್ತದೆ. ಕೆಟ್ಟ ಜಾಗ ಸಿಕ್ಕರೆ ಅಲ್ಲೇ ಒದ್ದಾಡಿ ನಿಂತುಬಿಡುತ್ತದೆ. ಡಿಡಿರೆಸ್ಕ್ಯೂ ಹಾಗಲ್ಲ. ಕೆಟ್ಟ ಜಾಗ ಬಂದರೆ ಗುರುತು ಹಾಕಿಕೊಂಡು ಮುಂದಕ್ಕೆ ಹಾರುತ್ತದೆ, ಸುಲಭವಾಗಿ ಬರೋದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ. ಆ ಗುರುತುಗಳೆಲ್ಲ ಮ್ಯಾಪ್‌ಫೈಲ್ ಅನ್ನೋ ಸಣ್ಣ ಪಠ್ಯ ಫೈಲ್‌ನಲ್ಲಿ ಇರುತ್ತವೆ. ‘+’ ಅಂದರೆ ಬಂತು, ‘?’ ಅಂದರೆ ಇನ್ನೂ ಮುಟ್ಟಿಲ್ಲ, ‘*’ ಮತ್ತು ‘/’ ಅಂದರೆ ಇನ್ನೂ ಕೆಲಸ ಬಾಕಿ, ‘-’ ಅಂದರೆ ಕೆಟ್ಟದ್ದು. ಮಧ್ಯೆ ಕರೆಂಟ್ ಹೋದರೂ, ಡ್ರೈವ್ ಕೈಕೊಟ್ಟರೂ ಬಿಟ್ಟಲ್ಲಿಂದ ಶುರು ಮಾಡಬಹುದು. ಮ್ಯಾಪ್‌ಫೈಲ್ ಇಲ್ಲದೆ ಇದನ್ನು ಓಡಿಸುವವರನ್ನು ಕಂಡರೆ ನನಗೆ ಕಸಿವಿಸಿ.

ಮೊದಲ ಸುತ್ತಿಗೆ ಕೆಟ್ಟ ಜಾಗ ಕೆರೆಯಬೇಡ, ಅಂದರೆ ಅಲ್ಲಿ ಒಂದೊಂದೇ ಸೆಕ್ಟರ್ ಓದಿ ನೋಡಬೇಡ, ಅನ್ನೋ ‘ಎನ್’ ಆಯ್ಕೆ, ಜೊತೆಗೆ ನೇರವಾಗಿ ಡಿಸ್ಕ್‌ನಿಂದ ಓದುವ ‘ಡಿ’ ಆಯ್ಕೆ. ಶುರುವಿನಲ್ಲೇ ಡ್ರೈವ್ ಸ್ವಲ್ಪ ತಡವರಿಸಿತು. ಆಮೇಲೆ ಸೆಕೆಂಡಿಗೆ 100 ಎಂಬಿ ಹತ್ತಿರ ಓಡಿತು. ರಾತ್ರಿ ಒಮ್ಮೆ ಡ್ರೈವ್ ತಾನಾಗೇ ಕಳಚಿಕೊಂಡು ಬೇರೆ ಹೆಸರಲ್ಲಿ ಬಂತು. ಎಸ್‌ಡಿಬಿ ಇದ್ದದ್ದು ಎಸ್‌ಡಿಡಿ ಆಯಿತು. ಸೀರಿಯಲ್ ನಂಬರ್ ಇರುವ ಉದ್ದ ಹೆಸರಿನಿಂದ ಓಡಿಸುತ್ತಿದ್ದರಿಂದ ಅದೇ ಕಮಾಂಡ್ ಮತ್ತೆ ಕೊಟ್ಟೆ, ಮುಂದುವರಿಯಿತು. ಗಮ್ಯ ಡಿಸ್ಕ್ ಯಾವುದು, ಮೂಲ ಡಿಸ್ಕ್ ಯಾವುದು ಅಂತ ಅರೆನಿದ್ದೆಯಲ್ಲಿ ಯೋಚಿಸೋದು ತಪ್ಪಿತು.

ಭಾನುವಾರ ಬೆಳಗ್ಗೆ ಪರದೆ ಮೇಲೆ 99.87%. ಓದೋಕೆ ಚಂದ ಇದೆ, ಅಲ್ವಾ? 1 ಟಿಬಿಯಲ್ಲಿ ಬಾಕಿ 0.13% ಅಂದರೆ 1.3 ಜಿಬಿ. ಫೋಟೋ ಲೆಕ್ಕದಲ್ಲಿ ಹೇಳಿದರೆ ಕೆಲವು ನೂರು.

ವಾರದ ಮಧ್ಯೆ

ಎಷ್ಟು ಹೋಗಿದೆ ಅನ್ನೋದಕ್ಕಿಂತ ಎಲ್ಲಿ ಹೋಗಿದೆ ಅನ್ನೋದು ಮುಖ್ಯ. ದೊಡ್ಡ ವಿಡಿಯೋದ ನಡುವೆ 4,096 ಬೈಟ್ ಹೋದರೆ ಚಿತ್ರ ಒಂದೆರಡು ಸೆಕೆಂಡ್ ಚೌಕಚೌಕ ಆಗಿ ಸರಿಹೋಗುತ್ತದೆ. ಅಷ್ಟೇ ಬೈಟ್ ಎಂಎಫ್‌ಟಿಯಲ್ಲಿ ಹೋದರೆ ನಾಲ್ಕು ಫೈಲ್‌ಗಳ ವಿಳಾಸ ಅಳಿಸಿಹೋಯಿತು ಅಂತ ಅರ್ಥ. ಎನ್‌ಟಿಎಫ್‌ಎಸ್‌ನಲ್ಲಿ ಪ್ರತಿ ಫೈಲ್‌ಗೂ ಎಂಎಫ್‌ಟಿ ಅನ್ನೋ ಪಟ್ಟಿಯಲ್ಲಿ ಸಾಮಾನ್ಯವಾಗಿ 1,024 ಬೈಟ್‌ನ ಒಂದು ದಾಖಲೆ ಇರುತ್ತದೆ. ಹೆಸರು, ಸಮಯ, ಡಿಸ್ಕ್‌ನ ಯಾವ ಭಾಗದಲ್ಲಿ ಕೂತಿದೆ, ಎಲ್ಲ ಅದರಲ್ಲೇ. ಹಾಗಾಗಿ ಬಾಕಿ 1.3 ಜಿಬಿಯ ಹಿಂದೆ ಬೀಳುವ ಮೊದಲು ಎಂಎಫ್‌ಟಿ ಪೂರ್ತಿ ತೆಗೆಯಬೇಕು ಅಂತ ನಿರ್ಧಾರ.

ಎಂಎಫ್‌ಟಿ ಎಲ್ಲಿದೆ ಅಂತ ಹೇಳೋದು ಪಾರ್ಟಿಷನ್‌ನ (ಡಿಸ್ಕ್‌ನಲ್ಲಿ ಫೈಲ್‌ಗಳಿಗೆ ಬಿಟ್ಟ ಭಾಗದ) ಮೊದಲ ಸೆಕ್ಟರ್, ಅಂದರೆ ಬೂಟ್ ಸೆಕ್ಟರ್. ಓದಲಾಗದೆ ಉಳಿದದ್ದರಲ್ಲಿ ಅದೂ ಒಂದು. ವಿಂಡೋಸ್ ಫಾರ್ಮ್ಯಾಟ್ ಮಾಡು ಅಂತ ಗೋಳಾಡಿದ್ದು ಇದಕ್ಕೇ. ಅದೃಷ್ಟಕ್ಕೆ ಎನ್‌ಟಿಎಫ್‌ಎಸ್ ಅದರ ಪ್ರತಿಯೊಂದನ್ನು ಪಾರ್ಟಿಷನ್‌ನ ಕಟ್ಟಕಡೆಯ ಸೆಕ್ಟರ್‌ನಲ್ಲಿ ಇಟ್ಟಿರುತ್ತದೆ, ಆ ತುದಿ ಸಲೀಸಾಗಿ ಬಂದಿತ್ತು. ಬೈಟ್‌ಗಳನ್ನು ಇದ್ದಹಾಗೇ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದೆ. ಮೂರು ಬೈಟ್ ಬಿಟ್ಟು ಎನ್‌ಟಿಎಫ್‌ಎಸ್ ಅನ್ನೋ ಅಕ್ಷರಗಳು, ಕೊನೆಯಲ್ಲಿ ‘55 ಎಎ’. 48ನೇ ಬೈಟ್‌ನಿಂದ ನೋಡಿದರೆ ‘00 00 0ಸಿ 00’, ಆಮೇಲೆ ಬರೀ ಸೊನ್ನೆ. ಹಿಂದುಮುಂದಾಗಿ ಓದಬೇಕು: 16ರ ಎಣಿಕೆಯಲ್ಲಿ ಸಿ0000, ಅಂದರೆ 7,86,432ನೇ ಕ್ಲಸ್ಟರ್. ಕ್ಲಸ್ಟರ್ ಅಂದರೆ ಎನ್‌ಟಿಎಫ್‌ಎಸ್ ಜಾಗ ಹಂಚುವ ತುಂಡು, ಒಂದಕ್ಕೆ 4,096 ಬೈಟ್. ಗುಣಿಸಿದರೆ ಪಾರ್ಟಿಷನ್ ಶುರುವಿನಿಂದ ಸರಿಯಾಗಿ 3 ಜಿಬಿ ದೂರ. ಈ ಸಂಖ್ಯೆ ನೋಡಿದಾಗ ಆದ ಖುಷಿ ಇನ್ನೊಬ್ಬರಿಗೆ ಹೇಳಿದರೆ ಅರ್ಥ ಆಗಲ್ಲ ಬಿಡಿ.

ಡಿಡಿರೆಸ್ಕ್ಯೂಗೆ ಇಲ್ಲಿಂದ ಶುರು ಮಾಡು, ಇಷ್ಟೇ ಓದು ಅಂತ ಹೇಳಬಹುದು. ಅಷ್ಟು ಜಾಗಕ್ಕೆ ಮಾತ್ರ ಗಡಿ ಹಾಕಿ ಕೆರೆಯಲು ಬಿಟ್ಟೆ. ಮುಂದಿನಿಂದ ಬಾರದ್ದು ಹಿಂದಿನಿಂದ ಓದಿಸಿದಾಗ ಕೆಲವು ಬಂದವು. ಡ್ರೈವ್ ಬಿಸಿಯಾದಾಗ ನಿಲ್ಲಿಸಿ, ಫ್ಯಾನ್ ಇಟ್ಟು, ತಣ್ಣಗಾದ ಮೇಲೆ ಮತ್ತೆ. ಕೊನೆಗೆ ಎಂಎಫ್‌ಟಿಯಲ್ಲಿ ಬಾರದೆ ಉಳಿದದ್ದು ಎರಡೇ ತುಂಡು, ಒಂದಕ್ಕೊಂದು ಅಂಟಿಕೊಂಡು. ಒಟ್ಟು ಎಂಟು ದಾಖಲೆ.

ಉಳಿದ ಡಿಸ್ಕ್ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಕೆರೆದಷ್ಟೂ ಬಂತು, ನಿಧಾನವಾಗಿ. 1.3 ಜಿಬಿ ಇದ್ದದ್ದು 21 ಎಂಬಿಗೆ ಇಳಿಯಿತು, ಪರದೆ 99.99% ಅಂದಿತು. ಅಲ್ಲಿಗೆ ಡ್ರೈವ್ ಕಿತ್ತು ಪಕ್ಕಕ್ಕಿಟ್ಟೆ.

ಮುಂದಿನ ಶನಿವಾರ

ಇಮೇಜ್‌ನ ಇನ್ನೊಂದು ನಕಲು ಮಾಡಿಕೊಂಡೆ. ಮೊದಲನೆಯದನ್ನು ಓದಲು ಮಾತ್ರ ಅಂತ ಬೀಗ ಹಾಕಿದೆ. ನಕಲಿನ ಮೇಲೆ ಪಾರ್ಟಿಷನ್ ರಿಪೇರಿ ಮಾಡುವ ಟೆಸ್ಟ್‌ಡಿಸ್ಕ್ ಓಡಿಸಿ, ಕೊನೆಯ ಸೆಕ್ಟರ್‌ನ ಪ್ರತಿಯಿಂದ ಬೂಟ್ ಸೆಕ್ಟರ್ ವಾಪಸ್ ಹಾಕಿದೆ. ಮೌಂಟ್ ಮಾಡಿದ (ಡ್ರೈವ್‌ನಂತೆ ತೆರೆದ) ಕೂಡಲೇ ಫೋಲ್ಡರ್‌ಗಳೆಲ್ಲ ಹೆಸರು ಸಮೇತ ಬಂದವು.

ಇಲ್ಲಿಗೆ ಎಷ್ಟೋ ಜನ ನಿಲ್ಲಿಸುತ್ತಾರೆ. ಎಲ್ಲ ಕಾಪಿ ಮಾಡಿ, ಬಂತು ತಗೋ ಅಂತ ಕೊಟ್ಟುಬಿಡುತ್ತಾರೆ. ಆದರೆ ಆ 21 ಎಂಬಿ ಯಾವ ಫೈಲ್‌ಗಳ ಹೊಟ್ಟೆಯಲ್ಲಿದೆ? ಓದಲಾಗದ ಜಾಗ ಇಮೇಜ್‌ನಲ್ಲಿ ಬರೀ ಸೊನ್ನೆ. ಕಾಪಿ ಮಾಡುವಾಗ ಯಾವ ದೋಷವೂ ಬರಲ್ಲ, ಎಲ್ಲ ಸರಿ ಇದ್ದಂತೆಯೇ ಕಾಣುತ್ತದೆ. ನನ್ನ ಮಟ್ಟಿಗೆ ಇದು ಡೇಟಾ ಹೋಗೋದಕ್ಕಿಂತ ಕೆಟ್ಟದ್ದು. ಯಾಕಂದರೆ ಹಳೆ ಡ್ರೈವ್ ಎಸೆದ ಮೇಲೆ, ಯಾವತ್ತೋ ಫೋಟೋ ತೆರೆದಾಗ ಗೊತ್ತಾಗುತ್ತೆ.

ಇದಕ್ಕೆ ಡಿಡಿರೆಸ್ಕ್ಯೂನಲ್ಲೇ ಒಂದು ಉಪಾಯ ಇದೆ, ಫಿಲ್ ಮೋಡ್ ಅಂತ. ಮ್ಯಾಪ್‌ಫೈಲ್ ನೋಡಿಕೊಂಡು, ಇಮೇಜ್‌ನಲ್ಲಿ ಕೆಟ್ಟ ಸೆಕ್ಟರ್ ಇದ್ದ ಕಡೆಯೆಲ್ಲ ನಾವು ಕೊಟ್ಟ ಪದವನ್ನು ತುಂಬುತ್ತದೆ. ಎಲ್ಲೂ ಸಹಜವಾಗಿ ಬಾರದಂಥ ಒಂದು ಪದ ಕೊಟ್ಟೆ. ಆಮೇಲೆ ಮೌಂಟ್ ಮಾಡಿ, ಆ ಪದ ಯಾವ ಯಾವ ಫೈಲ್‌ನಲ್ಲಿದೆ ಅಂತ ಗ್ರೆಪ್ ಅನ್ನೋ ಪದ ಹುಡುಕುವ ಟೂಲ್‌ನಿಂದ ಹುಡುಕಿಸಿದೆ. ಗಂಟೆಗಟ್ಟಲೆ ಓಡಿತು. ಕೊನೆಗೆ ಬಂದದ್ದು 46 ಫೈಲ್‌ಗಳ ಪಟ್ಟಿ: 31 ವಿಡಿಯೋ, 12 ಫೋಟೋ, 3 ಹಳೆಯ ಸಾಫ್ಟ್‌ವೇರ್ ಇನ್‌ಸ್ಟಾಲರ್. ಮಿಕ್ಕ ಕೆಟ್ಟ ಜಾಗವೆಲ್ಲ ಖಾಲಿ ಭಾಗದಲ್ಲಿತ್ತು. ಇಡೀ ಕೆಲಸದಲ್ಲಿ ನನಗೆ ಅತಿ ಬೆಲೆಯುಳ್ಳದ್ದು ಅನ್ನಿಸಿದ್ದು ಈ ಪಟ್ಟಿಯೇ.

ಹನ್ನೆರಡು ಫೋಟೋಗಳನ್ನೂ ಒಂದೊಂದಾಗಿ ತೆರೆದೆ. ಒಂದರಲ್ಲಿ ಮೇಲಿನ ಮೂರನೇ ಒಂದು ಭಾಗ ಸ್ಪಷ್ಟ. ಆಮೇಲೆ ಒಂದು ಪಟ್ಟಿ ಗಜಿಬಿಜಿ. ಅದರ ಕೆಳಗೆ ಚಿತ್ರ ಇದೆ, ಆದರೆ ಪಕ್ಕಕ್ಕೆ ಸರಿದಿದೆ, ಎಲ್ಲರ ಮುಖವೂ ನೇರಳೆ. ಜೆಪೆಗ್‌ನಲ್ಲಿ ಪ್ರತಿ ಚೌಕದ ಬಣ್ಣ ಹಿಂದಿನ ಚೌಕಕ್ಕಿಂತ ಎಷ್ಟು ಬೇರೆ ಅಂತ ಬರೆದಿರುತ್ತದೆ. ನಡುವೆ ಒಂದಿಷ್ಟು ಹೋದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಕೆಳಗಿನ ಭಾಗವನ್ನು ಸರಿಸಿ, ಬಣ್ಣ ತಿದ್ದಿ ಕೂರಿಸಬಹುದು. ಯಾವುದಕ್ಕೆ ಅಷ್ಟು ಕಷ್ಟಪಡಬೇಕು ಅಂತ ಅಕ್ಕ ಹೇಳಲಿ.

ಭಾನುವಾರ

ಇನ್ನು ಆ ಎಂಟು ದಾಖಲೆ. ಫೋಲ್ಡರ್‌ನಲ್ಲಿ ಹೆಸರು ಕಾಣುತ್ತಿದೆ, ಗಾತ್ರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ತೆರೆಯೋಕೆ ಹೋದರೆ ಇನ್‌ಪುಟ್ ಔಟ್‌ಪುಟ್ ದೋಷ. ಎಂಟೂ ಒಂದೇ ದಿನದ ಫೋಟೋ, ಹೆಸರಿನ ನಂಬರ್‌ಗಳೂ ಒಂದರ ಹಿಂದೆ ಒಂದು. ಒಟ್ಟಿಗೆ ಕಾಪಿ ಆದವು, ಅದಕ್ಕೇ ಎಂಎಫ್‌ಟಿಯಲ್ಲೂ ಅಕ್ಕಪಕ್ಕ ಇದ್ದವು.

ಹೆಸರು ಹೇಗೆ ಉಳಿಯಿತು ಅಂದರೆ, ಎನ್‌ಟಿಎಫ್‌ಎಸ್ ಫೋಲ್ಡರ್‌ನ ಇಂಡೆಕ್ಸ್‌ನಲ್ಲೂ ಫೈಲ್‌ನ ಹೆಸರು, ಸಮಯ, ಗಾತ್ರದ ಒಂದು ಪ್ರತಿ ಇಟ್ಟಿರುತ್ತದೆ. ವಿಳಾಸ ಮಾತ್ರ ಅಲ್ಲಿಲ್ಲ. ಆದರೆ ಬೈಟ್ ಲೆಕ್ಕದಲ್ಲಿ ಗಾತ್ರ ಗೊತ್ತಿದ್ದರೆ ಹುಡುಕೋಕೆ ಅಷ್ಟು ಸಾಕು.

ಫೋಟೋರೆಕ್ ಓಡಿಸಿದೆ. ಇದು ಫೈಲ್ ಸಿಸ್ಟಮ್ ಕಡೆ ನೋಡಲ್ಲ. ‘ಎಫ್‌ಎಫ್ ಡಿ8 ಎಫ್‌ಎಫ್’ ಕಂಡರೆ ಜೆಪೆಗ್ ಶುರು, ‘ಎಫ್‌ಎಫ್ ಡಿ9’ ಬಂದರೆ ಮುಗಿಯಿತು ಅಂತ ಗುರುತಿನಿಂದಲೇ ಹೆಕ್ಕುತ್ತದೆ. ಖಾಲಿ ಜಾಗದಲ್ಲಿ ಮಾತ್ರ ಹುಡುಕು ಅನ್ನೋ ಆಯ್ಕೆ ಇಲ್ಲಿ ಕೆಲಸಕ್ಕೆ ಬಾರದು. ಈ ಫೋಟೋಗಳನ್ನು ಯಾರೂ ಡಿಲೀಟ್ ಮಾಡಿಲ್ಲ, ಡಿಸ್ಕ್‌ನ ಲೆಕ್ಕದಲ್ಲಿ ಆ ಜಾಗ ಇನ್ನೂ ಭರ್ತಿ. ಹಾಗಾಗಿ ಪೂರ್ತಿ ಪಾರ್ಟಿಷನ್. ಹೆಸರಿಲ್ಲದ ಸಾವಿರಾರು ಫೋಟೋ ರಾಶಿ ಬಿತ್ತು. ರಾಶಿಯಲ್ಲಿ ಕಣ್ಣಿಂದ ಹುಡುಕಬೇಕಿಲ್ಲ, ಗಾತ್ರ ಕೊಟ್ಟು ಹುಡುಕಿದರೆ ಆಯಿತು. ಮೊದಲನೆಯದಕ್ಕೆ 42,18,377 ಬೈಟ್ ಅಂತ ಕೊಟ್ಟೆ. ಒಂದೇ ಒಂದು ಫೈಲ್ ಬಂತು. ಫೋಟೋದೊಳಗೆ ಕ್ಯಾಮೆರಾ ಬರೆದಿಡುವ ಎಕ್ಸಿಫ್ ಸಮಯವೂ ತಾಳೆಯಾಯಿತು. ಹೀಗೆ ಏಳು ಸಿಕ್ಕವು. ಎಂಟನೆಯದು ಡಿಸ್ಕ್‌ನಲ್ಲಿ ಎರಡು ತುಂಡಾಗಿ ಕೂತಿರಬೇಕು, ಅರ್ಧ ಬಂದು ಮಿಕ್ಕದ್ದು ಬೂದು ಬಣ್ಣ. ಅದನ್ನು ಸದ್ಯಕ್ಕೆ ಬಿಟ್ಟಿದ್ದೇನೆ.

ಈಗ

ವಿಡಿಯೋಗಳಲ್ಲಿ 30 ಓಡುತ್ತಿವೆ, ಅಲ್ಲಲ್ಲಿ ಚೌಕಚೌಕ ಆಗುತ್ತವೆ ಅಷ್ಟೇ. ಒಂದು ಮಾತ್ರ ತೆರೆಯೋದೇ ಇಲ್ಲ. ಎಂಪಿ4 ಫೈಲ್‌ನಲ್ಲಿ ಯಾವ ಫ್ರೇಮ್ ಎಲ್ಲಿದೆ ಅಂತ ಹೇಳುವ ‘ಮೂವ್’ ಅನ್ನೋ ಭಾಗ ಇರುತ್ತದೆ. ಫೋನ್‌ಗಳು ರೆಕಾರ್ಡಿಂಗ್ ಮುಗಿದ ಮೇಲೆ ಸಾಮಾನ್ಯವಾಗಿ ಅದನ್ನು ಕೊನೆಯಲ್ಲಿ ಬರೆಯುತ್ತವೆ. ಕೆಟ್ಟ ಸೆಕ್ಟರ್ ಹೋಗಿ ಸರಿಯಾಗಿ ಅಲ್ಲೇ ಬಿದ್ದಿದೆ. ಚಿತ್ರ, ಧ್ವನಿ ಎಲ್ಲ ಒಳಗಿದೆ, ಓದುವ ದಾರಿ ಇಲ್ಲ.

ಅನ್‌ಟ್ರಂಕ್ ಅನ್ನೋ ಟೂಲ್ ಇದಕ್ಕಾಗೇ ಇರೋದು. ಅದೇ ಫೋನ್‌ನಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಒಂದು ಒಳ್ಳೆ ವಿಡಿಯೋ ಕೊಟ್ಟರೆ, ಅದನ್ನು ಮಾದರಿಯಾಗಿ ಇಟ್ಟುಕೊಂಡು ಕೆಟ್ಟದ್ದಕ್ಕೆ ಹೊಸ ಪಟ್ಟಿ ಕಟ್ಟುತ್ತದೆ. ಡ್ರೈವ್‌ನಲ್ಲಿ ಆ ಫೋನಿನ ಬೇರೆ ವಿಡಿಯೋ ಇಲ್ಲ. ಅಕ್ಕನನ್ನು ಕೇಳಿದೆ. ಹಳೇ ಫೋನ್ ಹುಡುಕಿ ತೆಗೆದು, ಒಂದು ವಿಡಿಯೋವನ್ನು ಮೆಸೇಜ್ ಆ್ಯಪ್‌ನಲ್ಲಿ ಕಳಿಸಿದಳು. ಆ್ಯಪ್ ಅದನ್ನು ಕುಗ್ಗಿಸಿ, ತನ್ನದೇ ರೀತಿಯಲ್ಲಿ ಮತ್ತೆ ಎನ್‌ಕೋಡ್ ಮಾಡಿದೆ, ಮಾದರಿಗೆ ಆಗಲ್ಲ. ‘ಅಕ್ಕ, ಅದನ್ನೇ ಡಾಕ್ಯುಮೆಂಟ್ ಅಂತ ಕಳಿಸು’ ಅಂದಿದ್ದೇನೆ. ಬಂದರೆ ಈ ವಾರಾಂತ್ಯಕ್ಕೆ ಓಡಿಸಿ ನೋಡ್ತೀನಿ.