ವಿಯೊನೆ ಕ್ರಾಸ್ ಕಟಿಂಗ್: ಮೂರನೇ ಗೌನಿನ ಹಂತ

ದಾವಣಗೆರೆಯಲ್ಲಿ ನಡೆಯುತ್ತಿರುವ ಕೆಲಸ ಇಷ್ಟು: ಪ್ಯಾರಿಸ್ಸಿನ ಉಡುಪು ವಿನ್ಯಾಸಕಿ ಮ್ಯಾಡ್ಲೆನ್ ವಿಯೊನೆ (1876–1975) ಅವರ ಉಡುಪುಗಳನ್ನು ಕಾಲಕ್ರಮದಲ್ಲಿ, ಅರ್ಧ ಅಳತೆಯಲ್ಲಿ ಹೊಲಿದು ನೋಡುವುದು. ಅವರೂ ಸಣ್ಣ ಮರದ ಗೊಂಬೆಗೆ ಬಟ್ಟೆ ಸುತ್ತಿ ಪಿನ್ ಹಾಕಿ, ಅದು ಕೂತ ಮೇಲೇ ಪೂರ್ತಿ ಅಳತೆಗೆ ಹೋಗುತ್ತಿದ್ದರು.

1920ರ ಸುಮಾರಿನ ನಾಲ್ಕು ಚೌಕದ ಉಡುಪು ಮುಗಿದಿದೆ. 1912ರಲ್ಲಿ ತೆರೆದ ಮಳಿಗೆಯನ್ನು ಯುದ್ಧ ಬಂತೆಂದು 1914ರಲ್ಲಿ ಮುಚ್ಚಿ, ಯುದ್ಧ ಮುಗಿದ ಮೇಲೆ ಮತ್ತೆ ಶುರುಮಾಡಿದ ಹೊತ್ತಿನದು. ಚೌಕವನ್ನು ಮೂಲೆ ಹಿಡಿದು ನೇತುಬಿಟ್ಟರೆ ಎಳೆ ತಾನೇ ಕ್ರಾಸ್, ಅಂದರೆ 45 ಡಿಗ್ರಿ ಓರೆ, ಆಗುತ್ತದೆ, ಕತ್ತರಿಗೆ ಹೆಚ್ಚು ಕೆಲಸವಿಲ್ಲ. ಎರಡನೆಯದು ಇಪ್ಪತ್ತರ ದಶಕದ ನೇರ ಗೌನು, ಅದೂ ತೊಂದರೆ ಕೊಡಲಿಲ್ಲ.

ಕಾಡುತ್ತಿರುವುದು ಮೂವತ್ತರ ದಶಕದ ಗೌನು. ನಮ್ಮ ಟೈಲರ್‌ಗಳು ಬ್ಲೌಸಿನ ಮುಂಭಾಗ ಕ್ರಾಸ್ ಕತ್ತರಿಸಿದರೂ ಟಕ್ಸ್ (ಮೈಗೆ ಕೂರಲೆಂದು ಹಾಕುವ ಮಡಿಕೆ ಹೊಲಿಗೆ) ಹಾಕದೆ ಇರುವುದಿಲ್ಲ. ವಿಯೊನೆ ಇಡೀ ಗೌನನ್ನೇ ಕ್ರಾಸ್ ಮಾಡಿ, ಟಕ್ಸ್ ಮಾಡುವ ಕೆಲಸವನ್ನು ಬಟ್ಟೆಯ ಎಳೆತಕ್ಕೇ ಬಿಟ್ಟರು.

ಮೊದಲು ಮೊಳಕಾಲ್ಮೂರು ರೇಷ್ಮೆ ಸೀರೆಯ ಒಡಲಿನ ತುಂಡಿನಲ್ಲಿ ನೋಡಿದ್ದಾಯಿತು. ಚಂದದ ಬಟ್ಟೆ, ಆದರೆ ಗರಿಗರಿಯಾಗಿ ದೂರವೇ ನಿಲ್ಲುತ್ತದೆ, ಮೈಗೆ ಇಳಿಯುವುದಿಲ್ಲ. ಬಿಗಿಯಾಗಿ ಹುರಿ ಮಾಡಿದ ನೂಲಿನ ಕ್ರೇಪ್ ಇಳಿಯುತ್ತದೆ. ಒಂದೇ ಪದರದಲ್ಲಿ, ಕೆಳಗೆ ಬ್ರೌನ್ ಪೇಪರ್ ಹಾಕಿ ಕತ್ತರಿಸಬೇಕು. ಮಡಚಿದರೆ ಕೆಳಪದರ ಜಾರುತ್ತದೆ. ನ್ಯೂಸ್ ಪೇಪರ್ ಬೇಡ, ಮಸಿ ಹತ್ತುತ್ತದೆ. ಎಡದ ತುಂಡು ಒಂದು ಕಡೆಗೆ ಓರೆಯಾದರೆ ಬಲದ್ದು ಅದರ ಕನ್ನಡಿಯಂತಿರಬೇಕು. ಮೊದಲ ಸಲ ಎರಡೂ ಒಂದೇ ಕಡೆಗಾಗಿ, ಪಕ್ಕದ ಹೊಲಿಗೆ ತಿರುಚಿಕೊಂಡು ಮುಂದಕ್ಕೆ ಬಂತು.

25 ಇಂಚು ಉದ್ದ, 10 ಇಂಚು ಅಗಲದ ತುಂಡನ್ನು 45 ಡಿಗ್ರಿಗೆ ಇಡಲು ಸುಮಾರು 25 ಇಂಚು ಪನ್ನ (ಬಟ್ಟೆಯ ಅಗಲ) ಸಾಕು. ಪೂರ್ತಿ ಅಳತೆಗೆ 50 ಇಂಚು ಬೇಕು. ಅಂಗಡಿಯ 44 ಇಂಚಿನ ಪನ್ನದಲ್ಲಿ ಅದು ಹಿಡಿಯುವುದಿಲ್ಲ, ಕೆಳಮೂಲೆಗೆ ಜೋಡು ಹಾಕಲೇಬೇಕು. ವಿಯೊನೆ ರೂಢಿಗಿಂತ ದೊಡ್ಡ ಪನ್ನದ ಬಟ್ಟೆಯನ್ನೇ ನೇಯಿಸಿ ತರಿಸುತ್ತಿದ್ದುದು ಸುಮ್ಮನೆ ಅಲ್ಲ.

ಹೊಲಿಯುವ ಮುಂಚೆ ಎರಡು ದಿನ ತೂಗುಹಾಕಿದ್ದಕ್ಕೆ ಉದ್ದ ಮುಕ್ಕಾಲು ಇಂಚು ಇಳಿಯಿತು. ಇಳಿದ ಹಾಗೆಲ್ಲ ಅಗಲ ಕುಗ್ಗುತ್ತದೆ, ಹಾಗಾಗಿ ಸೊಂಟದ ಕೆಳಗೆ ಮಾರ್ಜಿನ್ ಒಂದು ಇಂಚು ಬಿಟ್ಟಿದೆ. ಪಾಲಿಯೆಸ್ಟರ್ ದಾರ, 11ನೇ ನಂಬರ್ ಸೂಜಿ, ಬಟ್ಟೆಯನ್ನು ಚೂರೇ ಎಳೆದು ಹಿಡಿದು ಹೊಲಿಗೆ. ಎಳೆಯದೆ ಹೊಲಿದ ಕಡೆ, ಗೌನನ್ನು ತಲೆಯ ಮೇಲಿಂದ ಹಾಕುವಾಗ ದಾರ ಪಟಪಟ ಕಿತ್ತುಬಂತು. ಕೊರಳಿಗೆ ಮಾತ್ರ ಇದರ ಉಲ್ಟಾ: ಅಂಚಿನುದ್ದಕ್ಕೆ ನೇರ ಎಳೆಯಲ್ಲಿ ಕತ್ತರಿಸಿದ ಕಾಲಿಂಚಿನ ಪಟ್ಟಿ ಒಳಗೆ ಕೂರಿಸಿದರೆ ಬಾಯಿ ಅಗಲವಾಗುವುದಿಲ್ಲ. ಇಸ್ತ್ರಿ ಉಜ್ಜಬಾರದು, ಒತ್ತಿ ಎತ್ತಬೇಕು.

ಕೆಳಗಿನ ಹೆಮ್ಮಿಂಗ್ ಬಾಕಿ. ಗೊಂಬೆಯ ಮೇಲೆ ಇನ್ನೊಂದು ರಾತ್ರಿ ತೂಗಲಿ. ಆಮೇಲೆ ಮೇಜಿನ ಮೇಲೆ ಸ್ಕೇಲ್ ನಿಲ್ಲಿಸಿ, ಸುತ್ತ ಒಂದೇ ಎತ್ತರಕ್ಕೆ ಚಾಕ್ ಗುರುತು.