ನೀರಿನ ಕ್ಯಾನ್ ಎತ್ತುವ ಹನ್ನೆರಡು ವಾರದ ಲೆಕ್ಕ

ವಾರ 1
ಗುರಿ ಒಂದೇ. ಅಡುಗೆಮನೆಯ 20 ಲೀಟರ್ ನೀರಿನ ಕ್ಯಾನನ್ನು ನಾನೇ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಬೇಕು. ನೀರೇ 20 ಕಿಲೋ, ಕ್ಯಾನಿನ ತೂಕ ಬೇರೆ. ನನಗೆ 46 ವರ್ಷ. ಇಷ್ಟು ದಿನ ನೀರು ಖಾಲಿಯಾದರೆ ಮಗ ಕಾಲೇಜಿನಿಂದ ಬರೋವರೆಗೆ ಕಾಯುತ್ತಿದ್ದೆ. ಇವತ್ತು ಎತ್ತಿ ನೋಡಿದೆ. ಮೊಣಕಾಲಿನವರೆಗೆ ಬಂತು, ಮುಂದಕ್ಕೆ ಏಳಲಿಲ್ಲ.

ಜಿಮ್‌ಗೆ ಸೇರಲಿಲ್ಲ. ಮಗನ ಹಳೇ ಸ್ಕೂಲ್ ಬ್ಯಾಗಿಗೆ ಕಿಲೋ ಲೆಕ್ಕದ ಅಕ್ಕಿ ಪ್ಯಾಕೆಟ್ ತುಂಬಿದೆ. ವಾರಕ್ಕೆ ಮೂರು ದಿನ. ಬ್ಯಾಗನ್ನು ಎದೆಗೆ ಅಪ್ಪಿಕೊಂಡು ಬಸ್ಕಿ, ಬಗ್ಗಿ ನೆಲದಿಂದ ಎತ್ತೋದು, ಗೋಡೆಗೆ ಕೈಯೂರಿ ದಂಡ. ಹತ್ತತ್ತು ಸಲ, ಮೂರು ಸುತ್ತು. ಶುರು 6 ಕಿಲೋದಿಂದ. (ಶಾಲೆಯಲ್ಲಿ ಕಿವಿ ಹಿಡಿದು ಹೊಡೆದ ಬಸ್ಕಿಗೆ ಈಗ ಸ್ಕ್ವಾಟ್ ಅಂತ ಮರ್ಯಾದೆ.)

ವಾರ 2
ಮಾಡಿದ ದಿನ ಏನೂ ಇಲ್ಲ. ಎರಡನೇ ದಿನ ಮೆಟ್ಟಿಲು ಇಳಿಯೋಕೆ ಗೋಡೆ ಹಿಡಿಯಬೇಕಾಯಿತು. ಅಭ್ಯಾಸ ತಪ್ಪಿದ ಸ್ನಾಯು ಹೀಗೆಯೇ ತಡವಾಗಿ ನೋಯುತ್ತದೆ, ಆಮೇಲೆ ತಾನೇ ಇಳಿಯುತ್ತದೆ. ಇಳಿಯಿತು.

ವಾರ 4
ಬಸ್ಕಿ 10 ಕಿಲೋ. ಕನ್ನಡಿಯಲ್ಲಿ ಏನೂ ಬದಲಾಗಿಲ್ಲ, ಬಲ ಮಾತ್ರ ಬಂದಿದೆ. ಮೊದಲ ಕೆಲವು ವಾರ ಹೀಗೇ ಅಂತೆ. ಸ್ನಾಯು ಬೆಳೆಯುವ ಮೊದಲು, ಇರುವ ಸ್ನಾಯುವನ್ನೇ ಚೆನ್ನಾಗಿ ದುಡಿಸೋದನ್ನು ಮೆದುಳು, ನರಗಳು ಕಲಿಯುತ್ತವೆ. "ಗಂಡಸರಂಗ ಆಗ್ತಿ ನೋಡು" ಅಂದಿದ್ದ ಅತ್ತೆಗೆ ತೋಳು ತೋರಿಸಿದೆ. ಅವರಿಗೆ ಸಮಾಧಾನ, ನನಗೆ ಸ್ವಲ್ಪ ಬೇಜಾರು.

ವಾರ 6
ಜಂಭ ಬಂತು. 12 ಕಿಲೋದಿಂದ ಒಮ್ಮೆಗೇ 17ಕ್ಕೆ ಹಾರಿದೆ. ಬೆನ್ನು ಬಾಗಿತು, ಸೊಂಟ ಹಿಡಿಯಿತು. ಒಂದು ವಾರ ಎಲ್ಲ ಬಂದ್.

ಆ ವಾರ ಪೊರಕೆಯ ಕೋಲು ಹಿಡಿದು ಬಗ್ಗೋದನ್ನು ಕಲಿತೆ. ಕೋಲನ್ನು ಬೆನ್ನಿಗೆ ಉದ್ದಕ್ಕೆ ಆನಿಸಬೇಕು. ತಲೆ, ಮೇಲ್ಬೆನ್ನು, ಕುಂಡೆ, ಮೂರಕ್ಕೂ ತಾಗಬೇಕು. ಕುಂಡೆ ಹಿಂದಕ್ಕೆ ತಳ್ಳುತ್ತಾ ಬಗ್ಗಿದರೆ ಕೋಲು ತಾಗಿಕೊಂಡೇ ಇರುತ್ತದೆ. ಬೆನ್ನು ಬಾಗಿದರೆ ತಕ್ಷಣ ಬಿಟ್ಟುಹೋಗುತ್ತದೆ. ಇಷ್ಟು ವರ್ಷ ನಾನು ಬಗ್ಗಿದ್ದೆಲ್ಲ ತಪ್ಪೇ! ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಮೂರೂ ಸುತ್ತು 12 ಸಲ ಸಲೀಸಾಗಿ ಬಂದರೆ ಮಾತ್ರ ಇನ್ನೊಂದು ಕಿಲೋ.

ವಾರ 8
ಬಸ್ಕಿ ಮತ್ತೆ ಶುರು, 13 ಕಿಲೋ. ಊಟದ ಲೆಕ್ಕ ಹಾಕಿದೆ. ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುವುದು ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. 58 ಕಿಲೋದ ನನಗೆ 48 ಗ್ರಾಂ. ಅನ್ನ ಸಾರಿನಲ್ಲಿ ಅಷ್ಟೂ ಮುಟ್ಟುತ್ತಿರಲಿಲ್ಲ. ಈಗ ಎರಡು ಮೊಟ್ಟೆ (ಒಂದಕ್ಕೆ ಸುಮಾರು 6 ಗ್ರಾಂ), ಹೆಸರುಕಾಳಿನ ಪಲ್ಯ, ಮೊಸರಿಗೆ ಶೇಂಗಾ ಹಿಂಡಿ (ಚಟ್ನಿಪುಡಿ).

ವಾರ 10
ವಿಚಿತ್ರ. ನೆಲದಿಂದ 18 ಕಿಲೋ ಆರಾಮಾಗಿ ಏಳುತ್ತದೆ, ಕ್ಯಾನ್ ಮಾತ್ರ ತೊಡೆ ದಾಟುತ್ತಿಲ್ಲ. ಹಿಡಿಯೋಕೆ ಹ್ಯಾಂಡಲ್ ಇಲ್ಲ, ಒಳಗೆ ನೀರು ಬೇರೆ ಅಲುಗಾಡುತ್ತದೆ.

ಆಗ ನೆನಪಾಯಿತು, ನಮ್ಮ ವಿಜಯಪುರದ ಸಿದ್ಧೇಶ್ವರ ಜಾತ್ರೆ. ಸಂಕ್ರಾಂತಿ ಹೊತ್ತಿಗೆ ಅಲ್ಲಿ ಭಾರ ಎತ್ತುವ ಸ್ಪರ್ಧೆ ನಡೆಯುತ್ತದೆ. ಗುಂಡುಕಲ್ಲನ್ನು ಯಾರೂ ನೆಲದಿಂದ ನೇರ ಹೆಗಲಿಗೆ ಎತ್ತೋದಿಲ್ಲ. ಮೊದಲು ತೊಡೆ ಮೇಲೆ ತಂದು ಕೂರಿಸುತ್ತಾರೆ, ಉಸಿರು ತಗೊಂಡು ಎದೆಗೆ ಅಪ್ಪುತ್ತಾರೆ, ಆಮೇಲೆ ಕಾಲ ಬಲದಿಂದ ಎದ್ದು ನಿಲ್ಲುತ್ತಾರೆ. ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದೆ. ಈ ವಾರ ಬ್ಯಾಗನ್ನು ಹಾಗೇ ತೊಡೆಗೆ, ಎದೆಗೆ. ಜೊತೆಗೆ ಬಗ್ಗಿ ನಿಂತು ಬ್ಯಾಗನ್ನು ಹೊಟ್ಟೆಗೆ ಎಳೆಯೋದು, ಬೆನ್ನಿಗೂ ಹಿಡಿತಕ್ಕೂ.

ವಾರ 12
ಶನಿವಾರ ಬೆಳಗ್ಗೆ, ಮನೆಯಲ್ಲಿ ಯಾರೂ ಇಲ್ಲ. ತೊಡೆ, ಎದೆ, ಸ್ಟ್ಯಾಂಡ್. ಬಗ್ಗಿಸುವಾಗ ಅರ್ಧ ಲೀಟರ್ ನೆಲಕ್ಕೆ ಚೆಲ್ಲಿತು, ಆದರೆ ಕ್ಯಾನ್ ಕೂತಿತು. ಮಧ್ಯಾಹ್ನ ಬಂದ ಮಗ ಕೇಳಿದ, "ಅಮ್ಮಾ, ವಾಚ್‌ಮನ್ ಕರೆದ್ಯಾ?"

ಮುಂದಿನದು ಸಿಲಿಂಡರ್. ಗ್ಯಾಸ್ 14.2 ಕಿಲೋ, ಖಾಲಿ ಸಿಲಿಂಡರೇ ಸುಮಾರು 15. ಬ್ಯಾಗಿನ ಜಿಪ್ ಆಗಲೇ ಹರಿದಿದೆ, ಅಕ್ಕಿ ಮೂಟೆಯನ್ನೇ ಹಿಡಿಯಬೇಕೇನೋ.